ಗುರುಗ್ರಹದಲ್ಲಿ ಅಮ್ಮಣ್ಣಿ

ಊರಿಗೆಲ್ಲ ಉಣ್ಣಿಸುವವನ ಮನೆಯಲ್ಲೇ ಉಣ್ಣುವವರಿಲ್ಲ ಅಂದರೆ ಹೇಗಿರುತ್ತದೆ, ನೀವೇ ಹೇಳಿ. ಫರೀದಾಬಾದಿನಲ್ಲಿ ಸುಧಾಕರನ ಹೋಟೆಲಿಗೆ ಬೆಳಗ್ಗೆ ಹೋದರೆ ಕೂರುವುದಕ್ಕೆ ಜಾಗ ಸಿಗುತ್ತಿರಲಿಲ್ಲ. ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದವರು, ಹಗಲುಪಾಳಿಗೆ ಹೊರಟವರು, ಜಾಟರು, ಪಂಜಾಬಿಗಳು, ಬಿಹಾರದವರು, ಎಲ್ಲರೂ ಸಾಂಬಾರನ್ನು ಸೂಪಿನ ಹಾಗೆ ಕುಡಿದು, "ಭಯ್ಯಾ, ಸಾಂಬಾರ್ ಔರ್" ಎಂದು ಬಟ್ಟಲು ಚಾಚುವವರೇ. ಸುಧಾಕರ ಕೊಡುತ್ತಿದ್ದ. ಕೇಳಿದಷ್ಟು ಕೊಡುತ್ತಿದ್ದ. ಉಡುಪಿ ಕಡೆಯಿಂದ ಬಂದು ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತ ಮನುಷ್ಯ; ರುಬ್ಬಿದ ಹಿಟ್ಟಿನ ಪಾತ್ರೆಯನ್ನು ಒಂದು ಸಲ ಎತ್ತಿ ಇಟ್ಟರೆ ಸಾಕು, ಇವತ್ತಿಗೆ ಹಿಟ್ಟು ಸಾಲುತ್ತದೋ ಇಲ್ಲವೋ ಎಂದು ಅವನ ಕೈಯೇ ಹೇಳುತ್ತಿತ್ತು.

ಅಂಥವನ ಹೆಂಡತಿ ಅಮ್ಮಣ್ಣಿ, ಹೋಟೆಲಿನ ಹಿಂದಿನ ಗಲ್ಲಿಯ ಎರಡನೇ ಮಹಡಿಯಲ್ಲಿ ಕೂತು, ಎರಡು ಚಮಚ ಗಂಜಿ ಕುಡಿದು ಮೂರನೆಯದಕ್ಕೆ ಬಾಯಿ ಮುಚ್ಚುತ್ತಿದ್ದಳು. ಹಣೆಬರಹ ಅನ್ನದೆ ಇನ್ನೇನು ಅನ್ನುವುದು.

ಕರುಳಿನಲ್ಲಿ ಗೆಡ್ಡೆ. ಹಿಂದಿನ ವರ್ಷ ಒಮ್ಮೆ ಕೊಯ್ದು ತೆಗೆದಿದ್ದರು. ಮುಗಿಯಿತು ಎಂದುಕೊಂಡು ದೀಪಾವಳಿಗೆ ಹೊಸ ಸೀರೆ ಉಟ್ಟಿದ್ದಳು. ಸೀರೆಯ ಮಡಿಕೆ ಮುರಿಯುವ ಮೊದಲೇ ಅದು ಮತ್ತೆ ಬಂತು. ದೆಹಲಿಯ ದೊಡ್ಡ ಆಸ್ಪತ್ರೆಯ ಡಾಕ್ಟರು ಒಳ್ಳೆಯವರೇ, ಮಾತು ಮಾತ್ರ ನೇರ. ಐವತ್ತೆರಡು ಕಿಲೋ ಇದ್ದ ಹೆಂಗಸು ಮೂವತ್ತಾರಕ್ಕೆ ಇಳಿದಿದ್ದನ್ನು ನೋಡಿ ಹೇಳಿದರು: ನಲವತ್ತು ಮುಟ್ಟಿಸಿಕೊಂಡು ಬನ್ನಿ, ಕೊಯ್ಯುತ್ತೇನೆ. ಅದಕ್ಕಿಂತ ಕಮ್ಮಿ ಇದ್ದರೆ ಟೇಬಲ್ಲಿನ ಮೇಲೇ ಹೋಗಿಬಿಡುತ್ತಾರೆ, ಆ ಪಾಪ ನನಗೆ ಬೇಡ. ಹೋಳಿಯೊಳಗೆ ಆಗಬೇಕು. ಆಮೇಲೆ ಗೆಡ್ಡೆ ನಮ್ಮ ಕೈಗೆ ಸಿಗುವುದಿಲ್ಲ.

ವಾಪಸು ಬರುವಾಗ ಬದರ್‌ಪುರದ ಜಾಮಿನಲ್ಲಿ ವ್ಯಾನು ನಿಂತೇಬಿಟ್ಟಿತು. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಹಾರ್ನ್ ಹೊಡೆಯುತ್ತಿದ್ದ ಬ್ಲೂಲೈನ್ ಬಸ್ಸು. ಅಲ್ಲೇ, ಸ್ಟೇರಿಂಗ್ ಹಿಡಿದುಕೊಂಡೇ, ಸುಧಾಕರ ಹರಕೆ ಹೊತ್ತ. "ಕೃಷ್ಣಾ, ಇವಳು ನಲವತ್ತು ಮುಟ್ಟಲಿ. ಮುಟ್ಟಿದ ಕೂಡಲೇ ಇವಳ ತೂಕದ ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತೇನೆ."

ಬೇರೆಯವರಾದರೆ ಕಾಯಿಲೆ ಪೂರ್ತಿ ವಾಸಿಯಾದ ಮೇಲೆ ಎಂದು ಹೊರುತ್ತಾರೆ. ತಕ್ಕಡಿಯ ಒಂದು ಕಡೆ ಮನುಷ್ಯರನ್ನು ಕೂರಿಸಿ, ಇನ್ನೊಂದು ಕಡೆ ಬೆಲ್ಲವೋ ಅಕ್ಕಿಯೋ ತೆಂಗಿನಕಾಯಿಯೋ ಇಟ್ಟು, ಸರಿತೂಗಿದ್ದನ್ನು ದೇವರಿಗೆ ಒಪ್ಪಿಸಿ ಕೈಮುಗಿದು ಬರುತ್ತಾರೆ. ಇವನು ಹೋಟೆಲಿನವನು, ಅಡ್ವಾನ್ಸ್ ಕೊಡದೆ ಯಾವ ಸಾಮಾನೂ ಬಾಗಿಲಿಗೆ ಬರುವುದಿಲ್ಲ ಎಂದು ಬಲ್ಲವನು. ದೇವರ ಹತ್ತಿರವೂ ಅದೇ ಲೆಕ್ಕ ಹಾಕಿದ.

ಮರುದಿನವೇ ಮಾರ್ಕೆಟ್ಟಿಗೆ ಹೋಗಿ, ಮೇಲೆ ಹತ್ತಿ ನಿಂತು ತೂಗುವ ಮಷೀನು ತಂದ. ಗಾಜಿನ ಸಣ್ಣ ಕಿಟಕಿಯೊಳಗೆ ಅಂಕೆಯ ಚಕ್ರ ತಿರುಗುತ್ತದಲ್ಲ, ಅಂಥದು. ಅಲ್ಲಿಂದ ಶುರುವಾಯಿತು ನೋಡಿ. ತುಪ್ಪ ಸುರಿದ ಮೆಂತೆ ಗಂಜಿ, ತೆಂಗಿನ ಹಾಲಿನ ಪಾಯಸ, ನೇಂದ್ರ ಬಾಳೆಯ ಹಲ್ವ, ಹೂವಿನಷ್ಟು ಮೆತ್ತಗಿನ ನೀರುದೋಸೆ. ಗಲ್ಲಾಪೆಟ್ಟಿಗೆ ಬಿಟ್ಟು ದಿನಕ್ಕೆ ಹತ್ತು ಸಲ ಮಹಡಿ ಹತ್ತುತ್ತಿದ್ದ. "ಇದೊಂದು ತುತ್ತು, ನನಗೋಸ್ಕರ." ಅವಳು ಅವನಿಗೋಸ್ಕರ ನುಂಗುತ್ತಿದ್ದಳು. ಅವನು ಮೆಟ್ಟಿಲಿಳಿದ ಮೇಲೆ ಬಚ್ಚಲಿಗೆ ಹೋಗಿ ಕಕ್ಕುತ್ತಿದ್ದಳು. ಮಷೀನಿನ ಚಕ್ರ ಮೂವತ್ತಾರರಿಂದ ಮೂವತ್ತೈದಕ್ಕೆ ಬಂದು ಅಲ್ಲಿ ಮೊಂಡು ಎತ್ತಿನ ಹಾಗೆ ನಿಂತಿತು. ಮೇಲೂ ಹೋಗದು, ಕೆಳಗೂ ಬಾರದು.

ಅವರಿಗೊಬ್ಬಳೇ ಮಗಳು, ಪ್ರಣೀತಾ, ಒಂಬತ್ತನೇ ಕ್ಲಾಸು. ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ ಆದ್ದರಿಂದ ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ಹಿಂದಿಯಲ್ಲಿ ಮುಗಿಸುವ ಹುಡುಗಿ. ಆ ಜನವರಿಯಲ್ಲಿ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಯಾವ ಗ್ರಹದಲ್ಲಿ ನಿಂತರೆ ನಮ್ಮ ಭಾರ ಎಷ್ಟು ತೋರಿಸುತ್ತದೆ, ಅದು ಅವಳ ಪ್ರಾಜೆಕ್ಟು. ಮನೆಯಲ್ಲಿ ಹೇಗೂ ಮಷೀನು ಬಂದಿತ್ತು. ಅದರ ಗಾಜು ಬಿಚ್ಚಿ, ಚಕ್ರದ ಮೇಲೆ ಬೇರೆ ಬೇರೆ ಅಂಕೆಯ ಕಾಗದದ ಚಕ್ರ ಕೂರಿಸುವುದು ಎಂದು ಉಪಾಯ ಮಾಡಿದಳು. ಒಂದು ಗ್ರಹಕ್ಕೆ ಒಂದು ಚಕ್ರ. ಸೈಬರ್ ಕೆಫೆಗೆ ಹೋಗಿ ಚೆಂದ ಪ್ರಿಂಟ್ ತೆಗೆಸಿಕೊಂಡು ಬಂದಿದ್ದಳು. ಲೆಕ್ಕ ಹಾಕುವುದಕ್ಕೆ ಒಂದು ಮನುಷ್ಯಭಾರ ಬೇಕಲ್ಲ, ಅಮ್ಮನದನ್ನೇ ಹಿಡಿದಳು.

"ಅಮ್ಮಾ, ಚಂದ್ರನ ಮೇಲೆ ನೀನು ಆರು ಕಿಲೋನೂ ಇಲ್ಲ. ಸಚ್ಚಿ."

"ಅಲ್ಲಿಗೆ ನಾನು ಬರೋದಿಲ್ಲ. ಭಾರ ಜಾಸ್ತಿ ಆಗೋ ಕಡೆ ಇದ್ರೆ ಹೇಳು."

"ಮಂಗಳದಲ್ಲಿ ಹದಿಮೂರು. ಜುಪಿಟರ್‌ನಲ್ಲಿ ಎಂಬತ್ತೆಂಟು. ಗುರು, ಗುರು ಅಂತೀರಲ್ಲ, ಅದು."

ಅಮ್ಮಣ್ಣಿ ದಿಂಬಿಗೆ ಒರಗಿದವಳು ಎದ್ದು ಕೂತಳು. "ಎಂಬತ್ತೆಂಟಾ? ನಿನ್ನ ಅಪ್ಪನಿಗೆ ಹೇಳು, ಡಾಕ್ಟರನ್ನ ಅಲ್ಲಿಗೇ ಕರೆಸಲಿ."

"ಲೇಕಿನ್ ಅಲ್ಲಿ ನಿಂತ್ಕೊಳ್ಳೋಕೆ ಜಮೀನೇ ಇಲ್ಲ ಅಮ್ಮ. ಬರೀ ಗ್ಯಾಸ್."

"ಒಳ್ಳೇದೇ ಆಯ್ತು. ಹೋಟೆಲಿನವರಿಗೆ ಸಿಲಿಂಡರ್ ಉಳೀತು."

ಶನಿ ಅಷ್ಟು ದೊಡ್ಡವನಾದರೂ ಮೈ ಹತ್ತಿಯ ಹಾಗೆ ಹಗುರ, ಆದ್ದರಿಂದ ಅವನು ಎಳೆಯುವುದು ನಮ್ಮ ಭೂಮಿಗಿಂತ ಒಂದಿಷ್ಟೇ ಜಾಸ್ತಿ ಎಂದು ಮಗಳು ವಿವರಿಸಿದರೆ, ಅಮ್ಮಣ್ಣಿ ಒಪ್ಪಲಿಲ್ಲ. "ಹೋಗೇ, ನಿಮ್ಮ ಮೇಡಮ್ಮಿಗೆ ಏನು ಗೊತ್ತು. ಶನಿ ಹಿಡಿದು ಎಳೆದರೆ ಏಳೂವರೆ ವರ್ಷ ಬಿಡೋದಿಲ್ಲ." ನೆಪ್ಚೂನಿನಲ್ಲಿ ಇಲ್ಲಿಗಿಂತ ಚೂರು ಹೆಚ್ಚು. ಯುರೇನಸ್ಸಿನಲ್ಲಿ ಚೂರು ಕಮ್ಮಿ. ಪ್ಲೂಟೋವನ್ನು ಹೋದ ವರ್ಷ ಗ್ರಹಗಳ ಸಾಲಿನಿಂದಲೇ ತೆಗೆದುಬಿಟ್ಟರು ಎಂದಾಗ ಮಾತ್ರ ಅಮ್ಮಣ್ಣಿ ಮಗಳ ಕಡೆ ತಿರುಗಿದಳು.

"ಯಾಕೆ ತೆಗೆದ್ರು? ತೂಕ ಸಾಲಲಿಲ್ಲ ಅಂತಲಾ?"

"ಚಿಕ್ಕದು ಅಂತ. ಇನ್ನೂ ಏನೇನೋ ರೂಲ್ ಇದೆ."

"ಪಾಪ. ಅದಕ್ಕೂ ಒಬ್ಬ ಡಾಕ್ಟರು ಸಿಕ್ಕಿದ್ದಾನೆ."

ಸುಧಾಕರ ಬಾಗಿಲಲ್ಲಿ ತುಪ್ಪದ ಬಟ್ಟಲು ಹಿಡಿದು ನಿಂತಿರುತ್ತಿದ್ದ. ಗ್ರಹಗಳ ವಿಷಯ ಅವನಿಗೆ ಗೊತ್ತಿದ್ದದ್ದು ಜಾತಕದಲ್ಲಿ ಇರುವಷ್ಟೇ. ಮಗಳು ಹೇಳಿದ್ದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗುತ್ತಿತ್ತು. ಅವನಿಗೆ ಕೇಳುತ್ತಿದ್ದದ್ದು ಹೆಂಡತಿಯ ದನಿ ಮಾತ್ರ, ಅದೂ ದಿನದಿಂದ ದಿನಕ್ಕೆ ತೆಳುವಾಗುತ್ತಿದ್ದ ದನಿ. ಅವನಂತೂ ನಕ್ಕು ವರ್ಷವಾಗಿತ್ತು. ಗಿರಾಕಿಗಳಿಗೆ ಹಲ್ಲು ತೋರಿಸುವುದು ನಗೆಯಲ್ಲ, ಅದು ವ್ಯಾಪಾರ.

ಒಂದು ಮಧ್ಯಾಹ್ನ ಊಟದ ಗಿರಾಕಿ ಕರಗಿದ ಮೇಲೆ ಅವನು ಮೇಲೆ ಬಂದ. ವಾರದಿಂದ ಕವಿದಿದ್ದ ಮಂಜು ಅವತ್ತು ಬಿಟ್ಟಿತ್ತು, ಬಾಲ್ಕನಿಗೆ ಬಿಸಿಲು ಬಂದಿತ್ತು. ಅಮ್ಮಣ್ಣಿ ಶಾಲು ಹೊದ್ದು ಮಷೀನಿನ ಮೇಲೆ ನಿಂತಿದ್ದಾಳೆ. ಪ್ರಣೀತಾ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಇಬ್ಬರೂ ನಗುತ್ತಿದ್ದಾರೆ. ಏನಪ್ಪಾ ಎಂದು ಬಗ್ಗಿ ನೋಡಿದ.

ನಲವತ್ತು.

ಕೂದಲೆಳೆಯಷ್ಟು ಕಮ್ಮಿ ಇದ್ದೀತು. ಆದರೆ ನಲವತ್ತು. ಸುಧಾಕರ ಕಣ್ಣುಜ್ಜಿಕೊಂಡ. ಮತ್ತೆ ನೋಡಿದ. ಆಮೇಲೆ ಬಾಲ್ಕನಿಯ ನೆಲದ ಮೇಲೆ ದೊಪ್ಪನೆ ಕೂತು ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ ನಕ್ಕ. ಪ್ರಣೀತಾ ಬಾಯಿ ತೆರೆದಳು. ಅಮ್ಮಣ್ಣಿ ಅವಳ ಭುಜ ಒತ್ತಿ ಹಿಡಿದಳು. ತಲೆ ಸುತ್ತಿತೇನೋ, ಆಧಾರಕ್ಕೆ ಹಿಡಿದಳು ಎಂದುಕೊಂಡ ಸುಧಾಕರ.

"ನೋಡಿದ್ಯಾ? ತುಪ್ಪ ಸುಳ್ಳು ಹೇಳೋದಿಲ್ಲ," ಎಂದ.

"ಹೂಂ," ಎಂದಳು ಅಮ್ಮಣ್ಣಿ. ಮಷೀನಿನಿಂದ ಇಳಿದು ಅವನ ತಲೆಯ ಮೇಲೆ ಕೈ ಇಟ್ಟಳು. "ದಿನಾ ತೂಗೋದು ಬೇಡ ಇನ್ನು. ದೃಷ್ಟಿಯಾಗ್ತದೆ."

ಅದೂ ಸರಿಯೇ ಅನ್ನಿಸಿತು ಅವನಿಗೆ. ಎರಡು ದಿನದ ಮೇಲೆ ಮಷೀನೂ ಪ್ರದರ್ಶನಕ್ಕೆಂದು ಶಾಲೆಗೆ ಹೋಯಿತು, ತೂಗುವ ಮಾತೇ ಉಳಿಯಲಿಲ್ಲ. ನಲವತ್ತು ಕಂಡ ದಿನದ ಸಂಜೆ ಹೋಟೆಲಿಗೆ ಬಂದವರಿಗೆಲ್ಲ ಕೇಸರಿಬಾತ್ ಬಿಟ್ಟಿ. ಯಾರ ಮದುವೆ ಭಯ್ಯಾ ಎಂದು ಕೇಳಿದವರಿಗೆ, ನನ್ನದೇ ಎಂದ.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ. ಇವನು ಹುಲ್ಲುಕಡ್ಡಿಯನ್ನು ಹಿಡಿದದ್ದಲ್ಲ, ಅದರ ಮೇಲೆ ಮನೆ ಕಟ್ಟಿದ. ಡಾಕ್ಟರಿಗೆ ಫೋನು ಮಾಡಿ ಸೋಮವಾರಕ್ಕೆ ಸಮಯ ತೆಗೆದುಕೊಂಡ. ಭಾನುವಾರ ತುಲಾಭಾರ, ಸೋಮವಾರ ಆಸ್ಪತ್ರೆ. ಮುಜಫ್ಫರ್‌ನಗರದ ಹೊಸ ಬೆಲ್ಲ ಮಂಡಿಗೆ ಬಂದಿತ್ತು. ಸ್ವತಃ ಹೋಗಿ, ಮುರಿದು, ಮೂಸಿ, ನಾಲಿಗೆಗಿಟ್ಟು ಆರಿಸಿದ. ಹೋಟೆಲಿನ ತಕ್ಕಡಿಯಲ್ಲಿ ನಲವತ್ತು ಕಿಲೋ ತೂಗಿ, ಒಂದು ಉಂಡೆಯೂ ಹೆಚ್ಚುಕಮ್ಮಿಯಾಗದಂತೆ ಚೀಲಕ್ಕೆ ತುಂಬಿ, ಬಾಯಿ ಹೊಲಿದ.

ಅಮ್ಮಣ್ಣಿಗೆ ಮಾತ್ರ ಈ ಉತ್ಸಾಹ ಹತ್ತಲಿಲ್ಲ. "ಮೊದಲು ಡಾಕ್ಟರು ನೋಡ್ಲಿ. ಆಮೇಲೆ ದೇವರು," ಎಂದಳು.

"ಮುಟ್ಟಿದ ಕೂಡಲೇ ಅಂತ ಹೇಳಿದ್ದೇನೆ. ಮಾತು ತಪ್ಪಿದ್ರೆ ಕೊಟ್ಟದ್ದನ್ನ ಕಿತ್ತುಕೊಳ್ತಾನೆ."

"ಹಾಗಿದ್ರೆ ತೂಗೋದು ಬೇಡ ರೀ. ಚೀಲ ಹಾಗೇ ಒಪ್ಪಿಸಿಬಿಡೋಣ. ಬೆಲ್ಲ ತಲುಪಿದ್ರೆ ಸಾಕಲ್ವಾ ಅವನಿಗೆ?"

ಸುಧಾಕರನಿಗೆ ಸಿಟ್ಟು ಬಂತು. "ಇದೇನು ಲಂಚವಾ, ಹಿಂದಿನ ಬಾಗಿಲಲ್ಲಿ ಚೀಲ ಇಟ್ಟು ಬರೋದಕ್ಕೆ? ತಕ್ಕಡಿಯಲ್ಲಿ ಕೂತರೇ ತುಲಾಭಾರ. ನಿನಗೆ ಕೂರೋದಕ್ಕೆ ಏನು ಕಷ್ಟ?" ಅವಳು ಶಾಲು ಎಳೆದುಕೊಂಡು ದಿಂಬಿಗೆ ಒರಗಿದಳು. ಪ್ರಣೀತಾ ಅವನ ಮುಖ ನೋಡಿ, ಅಮ್ಮನ ಮುಖ ನೋಡಿ, ಪುಸ್ತಕ ತೆಗೆದುಕೊಂಡು ಒಳಗೆ ಹೋದಳು. ಪ್ರದರ್ಶನದಲ್ಲಿ ಬಹುಮಾನ ಬಂದಿದ್ದರೂ ಹುಡುಗಿ ಯಾಕೆ ಮಂಕಾಗಿದೆ ಎಂದು ಅವನಿಗೆ ಅನ್ನಿಸಿತು, ಕೇಳುವಷ್ಟು ಪುರಸೊತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಅಮ್ಮಣ್ಣಿ ಆ ದೀಪಾವಳಿಯ ಸೀರೆ ಉಟ್ಟಳು. ಸೊಂಟಕ್ಕೆ ಎರಡು ಸುತ್ತು ಹೆಚ್ಚೇ ಬಂತು. ಮೆಟ್ಟಿಲಿಳಿಸುವಾಗ ಸುಧಾಕರ ಅವಳ ತೋಳಿನ ಕೆಳಗೆ ಕೈ ಕೊಟ್ಟ. ಆ ಕೈಗೆ ಏನೂ ಭಾರ ಹತ್ತಲಿಲ್ಲ. ಹಿಟ್ಟಿನ ಪಾತ್ರೆ ಖಾಲಿಯಿದ್ದಾಗ ಎತ್ತಿದರೆ ಕೈ ಬೆಚ್ಚುತ್ತದಲ್ಲ, ಹಾಗೆ ಬೆಚ್ಚಿತು. ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದಾಳೆ, ಅದಕ್ಕೆ ಹಾಗೆ ಎಂದು ಅವನು ತನ್ನ ಕೈಗೇ ಸಮಾಧಾನ ಹೇಳಿದ.

ದಕ್ಷಿಣ ದೆಹಲಿಯಲ್ಲಿ ನಮ್ಮ ಕಡೆಯವರು ಕಟ್ಟಿಕೊಂಡ ಕೃಷ್ಣನ ಗುಡಿ. ಭಾನುವಾರವಾದ್ದರಿಂದ ಸರ್ಕಾರಿ ಕ್ವಾರ್ಟರ್ಸಿನ ಕನ್ನಡದವರು ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ತುಲಾಭಾರ ಎಂದ ಕೂಡಲೇ ಸುತ್ತ ಸೇರಿದರು, ನೋಡುವುದಕ್ಕೂ ಪುಣ್ಯವಲ್ಲವೇ. ದೊಡ್ಡ ತಕ್ಕಡಿ, ಸರಪಳಿಗೆ ಸೇವಂತಿಗೆ ಸುತ್ತಿದ್ದರು. ಮುರಳೀಧರ ಭಟ್ಟರು ಮಂತ್ರ ಹೇಳಿ ಅಮ್ಮಣ್ಣಿಯನ್ನು ಒಂದು ತಟ್ಟೆಯಲ್ಲಿ ಕೂರಿಸಿದರು. ಅವಳ ತಟ್ಟೆ ನೆಲಕ್ಕೆ ತಾಗಿತು. ಮನೆಯವರೇ ಇಡಬೇಕು ಎಂದರು ಭಟ್ಟರು. ಸುಧಾಕರ ಚೀಲದ ಹೊಲಿಗೆ ಕಿತ್ತು, ಎರಡೂ ಕೈಯಲ್ಲಿ ಉಂಡೆ ಎತ್ತಿ ಎತ್ತಿ ಇಡತೊಡಗಿದ. ಪ್ರತಿ ಉಂಡೆಗೂ "ಕೃಷ್ಣಾ" ಎನ್ನುತ್ತಿದ್ದ.

ಚೀಲದಲ್ಲಿ ಇನ್ನೂ ಉಂಡೆಗಳಿರುವಾಗಲೇ ಅಮ್ಮಣ್ಣಿಯ ತಟ್ಟೆ ಅಲುಗಿತು. ಮೆಲ್ಲನೆ ಎದ್ದು, ಬೆಲ್ಲದ ತಟ್ಟೆಗೆ ಸಮನಾಗಿ ನಿಂತಿತು.

"ಸಾಕು ಸುಧಾಕರಾ, ಸರಿತೂಗಿತು," ಎಂದರು ಭಟ್ಟರು.

ಸುಧಾಕರ ಚೀಲ ನೋಡಿದ. "ಇಲ್ಲ ಭಟ್ರೇ. ಇನ್ನೂ ಇದೆ." ಇನ್ನೊಂದು ಇಟ್ಟ. ಅಮ್ಮಣ್ಣಿ ಮೇಲೆದ್ದಳು. ಇನ್ನೊಂದು. ಇನ್ನೊಂದು. ಚೀಲ ಕೊಡವಿ ಕೊನೆಯ ಉಂಡೆಯನ್ನೂ ಇಟ್ಟ. ಬೆಲ್ಲ ನೆಲ ಕಚ್ಚಿತು. ಅಮ್ಮಣ್ಣಿ ಸರಪಳಿ ಹಿಡಿದುಕೊಂಡು ಎಲ್ಲರ ಎದೆಯೆತ್ತರದಲ್ಲಿ ತೂಗುತ್ತಿದ್ದಳು, ಕಾಲ್ಬೆರಳು ಸೀರೆಯ ಅಂಚಿನಿಂದ ಹೊರಗೆ ಕಾಣುತ್ತಿತ್ತು. ಯಾರ ಕಡೆಗೂ ನೋಡಲಿಲ್ಲ ಅವಳು. ನಗುಮುಖದಿಂದ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕಣ್ಣು ಬೇರೆ ಕಡೆ ತಿರುಗಿಸಿದರು.

"ತಕ್ಕಡಿ ಸರಿಯಿಲ್ಲ," ಎಂದ ಸುಧಾಕರ.

"ಹೆಚ್ಚಾದರೆ ದೇವರು ಬೇಡ ಅನ್ನೋದಿಲ್ಲಪ್ಪ. ಬಿಡು."

"ಸರಿಯಿಲ್ಲ ಭಟ್ರೇ. ತಟ್ಟೆ ಬದಲಾಯಿಸಿ ನೋಡೋಣ." ವ್ಯಾಪಾರದವನು. ತಕ್ಕಡಿಯ ಮೇಲೆ ಅನುಮಾನ ಬಂದರೆ ಆ ಕಡೆಯದನ್ನು ಈ ಕಡೆ ಹಾಕಿ ನೋಡಬೇಕೆಂದು ಗೊತ್ತು. ಭಟ್ಟರು ಬೇಡ ಎನ್ನುವಷ್ಟರಲ್ಲಿ ಅವಳನ್ನು ಇಳಿಸಿ, ಬೆಲ್ಲವನ್ನೆಲ್ಲ ಈಚೆ ಹೊತ್ತು ಹಾಕಿ, ಅವಳನ್ನು ಆಚೆ ಕೂರಿಸಿದ. ಬೆವರು ಸುರಿಯುತ್ತಿತ್ತು, ಆ ಚಳಿಯಲ್ಲಿ. ಈ ತಟ್ಟೆಯೂ ಹಾಗೇ. ಬೆಲ್ಲ ಕೆಳಗೆ, ಅಮ್ಮಣ್ಣಿ ಮೇಲೆ.

"ಅಪ್ಪಾ, ಬಸ್ ಕರೋ, ಸಾಕು," ಎಂದಳು ಪ್ರಣೀತಾ. ಅಳುತ್ತಿದ್ದಳು. "ಅವತ್ತು ಮಷೀನಲ್ಲಿ ಹಾಕಿದ್ದು ನೆಪ್ಚೂನ್ ಚಕ್ರ. ನಾನು ಚೆಕ್ ಮಾಡ್ತಿದ್ದೆ. ನೆಪ್ಚೂನಲ್ಲಿ ಅಮ್ಮ ನಲವತ್ತು. ಯಹಾಂ ಪೈಂತೀಸ್ ಹೀ ಹೈ ಅಪ್ಪಾ. ಇಲ್ಲಿ ಮೂವತ್ತೈದೇ. ನಾನು ಹೇಳ್ತಿದ್ದೆ, ಅಮ್ಮ ಬೇಡ ಅಂದಳು."

ಸುಧಾಕರ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಮದುವೆಯಾದ ಮೇಲೆ ಅವಳನ್ನು ಹೀಗೆ ಕೆಳಗಿನಿಂದ ನೋಡಿದ್ದು ಅದೇ ಮೊದಲು.

"ತಕ್ಕಡಿದೇನೂ ತಪ್ಪಿಲ್ಲ ರೀ," ಎಂದಳು ಅಮ್ಮಣ್ಣಿ. ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ. "ಸ್ಪ್ರಿಂಗಿನ ಮಷೀನಾದ್ರೆ ಒಂದೊಂದು ಗ್ರಹದಲ್ಲಿ ಒಂದೊಂದು ಹೇಳ್ತದಂತೆ. ತಕ್ಕಡಿ ಎಲ್ಲಿಗೆ ಹೋದ್ರೂ ಒಂದೇ. ಗುರುಗ್ರಹಕ್ಕೆ ಹೊತ್ಕೊಂಡು ಹೋದ್ರೂ ನಾನು ಭಾರ ಆಗ್ತೀನಿ, ಬೆಲ್ಲಾನೂ ಅಷ್ಟೇ ಭಾರ ಆಗ್ತದೆ. ಇವಳೇ ಹೇಳಿಕೊಟ್ಟಳು. ಅದಕ್ಕೇ ತೂಗೋದು ಬೇಡ ಅಂದೆ."

"ಅವತ್ತೇ ಯಾಕೆ ಹೇಳಲಿಲ್ಲ ನನಗೆ?"

"ನೀವು ನಕ್ಕಿರಿ," ಎಂದಳು. "ವರ್ಷ ಆಗಿತ್ತಲ್ವಾ. ಎರಡು ದಿನ ಇರಲಿ ಅಂದ್ಕೊಂಡೆ. ಆಮೇಲೆ ಹೇಳೋದಕ್ಕೆ ಬಾಯಿ ಬರಲಿಲ್ಲ."

ಭಟ್ಟರು ಆರತಿ ತಟ್ಟೆ ಹಿಡಿದು ಕಾದು ನಿಂತಿದ್ದರು. ಸುಧಾಕರನಿಗೆ ಮಗಳ ಮೇಲೆ ಸಿಟ್ಟು ಬರಲಿಲ್ಲ, ಹೆಂಡತಿಯ ಮೇಲೆ ಬರಲಿಲ್ಲ, ದೇವರ ಮೇಲೂ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತಿತ್ತು. ಅವನು ಬಗ್ಗಿ ಬೆಲ್ಲದ ತಟ್ಟೆಯಿಂದ ಒಂದು ಉಂಡೆ ತೆಗೆದು ನೆಲಕ್ಕಿಟ್ಟ. ಇನ್ನೊಂದು ತೆಗೆದ. ಎರಡು ತಿಂಗಳಿಂದ ತುಪ್ಪ ಸುರಿದು, ಗಂಜಿ ಕುಡಿಸಿ, ಮೆಟ್ಟಿಲು ಹತ್ತಿ ಇಳಿದು ಅವಳ ಮೈಗೆ ಏರಿಸಿದೆ ಎಂದುಕೊಂಡಿದ್ದನ್ನೆಲ್ಲ ಈಗ ಅವನ ಕೈಯಿಂದಲೇ ಇಳಿಸಬೇಕಾಗಿತ್ತು. ಒಂದೊಂದು ಉಂಡೆ ತೆಗೆದ ಹಾಗೂ ಅಮ್ಮಣ್ಣಿ ಇಷ್ಟಿಷ್ಟೇ ಕೆಳಗೆ ಬಂದಳು. ಕೊನೆಗೆ ಎರಡು ತಟ್ಟೆಯೂ ಸಮವಾಗಿ ನಿಂತವು. ಭಟ್ಟರು ಆರತಿ ಎತ್ತಿದರು. ಯಾರೋ ಒಬ್ಬರು ಗಂಟೆ ಬಾರಿಸಿದರು.

"ನಾಳೆ ಆಸ್ಪತ್ರೆಗೆ ಹೋಗೋದು ಬೇಡ ಅಲ್ವಾ?" ಎಂದಳು ಅಮ್ಮಣ್ಣಿ.

ಹೋಳಿಗೆ ಉಳಿದಿದ್ದ ದಿನಗಳಲ್ಲಿ ಐದು ಕಿಲೋ ಏರುವ ಹಾಗಿರಲಿಲ್ಲ. "ಬೇಡ," ಎಂದ.

ತಟ್ಟೆಯಿಂದ ಇಳಿಯಲು ಅವಳು ಕಾಲು ಚಾಚಿದಳು, ನೆಲ ಎಟುಕಲಿಲ್ಲ. ಸುಧಾಕರ ಅವಳ ಬೆನ್ನಿಗೊಂದು ಕೈ, ಮಂಡಿಯ ಕೆಳಗೊಂದು ಕೈ ಕೊಟ್ಟು ಎತ್ತಿಕೊಂಡ. ಆಚೆಯ ತಟ್ಟೆ ಬೆಲ್ಲ ಸಮೇತ ದಢಾರನೆ ನೆಲಕ್ಕೆ ಬಡಿಯಿತು. ದಿನಾ ಹಿಟ್ಟಿನ ಪಾತ್ರೆ ಎತ್ತುವ ಕೈ, ಅದಕ್ಕೆ ಯಾವ ಮಷೀನೂ ಬೇಕಿರಲಿಲ್ಲ. ಅದಕ್ಕೆ ಮೆಟ್ಟಿಲ ಮೇಲೇ ಗೊತ್ತಾಗಿತ್ತು. ಅವಳನ್ನು ಹೊತ್ತುಕೊಂಡು ಅವನು ಗುಡಿಯ ಬಾಗಿಲ ಕಡೆ ನಡೆದ. ಜನ ದಾರಿ ಬಿಟ್ಟರು. ಪ್ರಣೀತಾ ಇಬ್ಬರ ಚಪ್ಪಲಿಗಳನ್ನು ಎತ್ತಿಕೊಂಡು ಹಿಂದೆ ಬಂದಳು.

"ಇಳಿಸಿ ರೀ, ಎಲ್ಲರೂ ನೋಡ್ತಿದ್ದಾರೆ," ಎಂದಳು ಅಮ್ಮಣ್ಣಿ ಅವನ ಕುತ್ತಿಗೆಯ ಹತ್ತಿರ. "ಭಾರ ಆಗ್ತೀನಿ ನಿಮಗೆ."

"ಹೌದು," ಎಂದ ಸುಧಾಕರ. "ತುಂಬಾ ಭಾರ ಇದ್ದೀ." ವ್ಯಾನು ಮುಟ್ಟುವವರೆಗೂ ಅವಳನ್ನು ಇಳಿಸಲಿಲ್ಲ.